ಎಡಗಣ್ಣಿನ ಕೆಳಗಿನ ಊತ

"ಬಾಗಿಲು ಹಾಕ್ಲಾ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಚಿಲಕ ಸರಿಸಿದಳು.

ಮೇಜಿನ ಮೇಲೆ ಕಂದು ಬಣ್ಣದ ನಾಯಿ. ಕೊರಳಲ್ಲಿ ಪಟ್ಟಿಯಿಲ್ಲ, ತನ್ನ ಶಾಲನ್ನೇ ಸುತ್ತಿ ಗಂಟು ಹಾಕಿದ್ದಳು. ಎಡಗಣ್ಣಿನ ಕೆಳಗೆ ನಿಂಬೆಗಾತ್ರದ ಊತ. ಕಣ್ಣು ಅರ್ಧ ಮುಚ್ಚಿಹೋಗಿತ್ತು.

ಪಶುವೈದ್ಯೆ ಒಳಗಿನಿಂದ ಬಂದರು. ನಾಯಿ ಬಾಲ ಅಲ್ಲಾಡಿಸಿತು.

"ಇಲ್ಲಿಗೆ ಬಂದು ಬಾಲ ಅಲ್ಲಾಡಿಸೋ ಗಿರಾಕಿಗಳು ಅಪರೂಪ," ಎಂದರು. ಮೊಬೈಲಿನಲ್ಲಿ ಯಾರಿಗೋ ಸಂದೇಶ ಕಳಿಸಿ ಪಕ್ಕಕ್ಕಿಟ್ಟರು. "ಮನೇಲಿ ಹೇಳಿ ಬಂದ್ರಾ?"

"ಯಾರಿಗೂ ಹೇಳಿಲ್ಲ."

"ಜೇನೋ ಕಣಜವೋ ಕಚ್ಚಿತಾ?"

"ಇಲ್ಲ."

"ಹೊಸದೇನಾದ್ರೂ ತಿಂತಾ? ಅಲರ್ಜಿಗೂ ಮುಖ ಊದತ್ತೆ. ಸಾಮಾನ್ಯವಾಗಿ ಎರಡೂ ಕಡೆ."

"ಗೊತ್ತಿಲ್ಲ."

"ಹಾವು?"

"ಹಾವೂ ಅಲ್ಲ, ಹುಳಾನೂ ಅಲ್ಲ, ಡಾಕ್ಟ್ರೇ. ಅವನು ಹೊಡೀತಾನೆ."

ಅವಳು ನಾಯಿಯ ಬೆನ್ನು ಸವರಿದಳು. "ಅಡುಗೆಮನೆ ಕಿಟಕಿಯಿಂದ ಕಣ್ಣಾರೆ ನೋಡಿದೀನಿ. ಇದರ ತಲೇನ ಮೊಣಕಾಲ ಮಧ್ಯ ಇರುಕಿಸಿ ಬಾಯಿ ಅಮುಕಿ ಹಿಡೀತಾನೆ. ಇದು ಕುಯ್ಯೋ ಅಂತ ಒದ್ದಾಡತ್ತೆ. ಎರಡು ಹೊತ್ತೂ ಇದೇ ಗೋಳು."

"ನೀವು ಕೇಳಲಿಲ್ವಾ?"

"ಮಾತಾಡಿದ್ರೆ ತಾನೇ! ನನ್ನ ಮುಖ ಕಂಡ ಕೂಡಲೇ ಬಾಗಿಲು ಹಾಕ್ಕೋತಾನೆ."

ಹೊರಗೆ ಸ್ಕೂಟರ್ ನಿಂತ ಸದ್ದು. ಅವಳು ಪರದೆ ಸರಿಸಿ ಇಣುಕಿ, ತಟಕ್ಕನೆ ಹಿಂದೆ ಸರಿದಳು. ನಾಯಿಯನ್ನು ಎದೆಗೊತ್ತಿಕೊಂಡಳು.

"ನಾನಿದನ್ನ ಅವನ ಕೈಗೆ ಕೊಡಲ್ಲ. ಕೊಂದೇಬಿಡ್ತಾನೆ. ಪೆಟ್ಟಿನಿಂದ ಆದ ಊತ ಅಂತ ಬರೆದುಕೊಡಿ, ಪೊಲೀಸರ ಹತ್ರ ನಾನೇ ಹೋಗ್ತೀನಿ."

ವೈದ್ಯೆ ಮೆಲ್ಲಗೆ ನಾಯಿಯ ತುಟಿ ಎತ್ತಿದರು. ಮೇಲಿನ ದವಡೆಯ ದೊಡ್ಡ ಹಲ್ಲು ಉದ್ದಕ್ಕೆ ಸೀಳಿತ್ತು.

"ಪೆಟ್ಟಲ್ಲಮ್ಮ. ಈ ಹಲ್ಲಿನ ಬೇರಲ್ಲಿ ಕೀವು ತುಂಬಿದ್ರೆ ಸರಿಯಾಗಿ ಇಲ್ಲೇ ಊದೋದು, ಕಣ್ಣಿನ ಕೆಳಗೆ."

"ಹಾಗಾದ್ರೆ ಹಲ್ಲು ಒಡೆದೋನೂ ಅವನೇ!"

"ಮೂಳೆ ಕಡಿದು ತಾನೇ ಒಡ್ಕೊಂಡಿದ್ದು. ಇವತ್ತು ಕೀಳಬೇಕು."

"ನಿಮಗೆ ಹೇಗೆ ಗೊತ್ತು?"

ಯಾರೋ ಬಾಗಿಲು ತಟ್ಟಿದರು. ನಾಯಿ ಅವಳ ತೋಳಿನಿಂದ ಕೊಸರಿಕೊಂಡು ಕೆಳಗೆ ಹಾರಿತು. ಬಾಗಿಲಿಗೆ ಮೂಗು ಒತ್ತಿ ಮೈಯೆಲ್ಲ ಕುಣಿಸತೊಡಗಿತು.

ವೈದ್ಯೆ ಚಿಲಕಕ್ಕೆ ಕೈ ಹಾಕಿದರು. "ಈ ಹಲ್ಲಿಗೆ ಕೊಟ್ಟ ಮಾತ್ರೆ ಎರಡು ಹೊತ್ತೂ ನುಂಗಿಸೋವಾಗ ಮೊಣಕಾಲಲ್ಲಿ ಹಾಗೆ ಹಿಡೀರಿ ಅಂತ ಹೇಳಿಕೊಟ್ಟೋಳು ನಾನೇ. ಸ್ವಲ್ಪ ಸರ್ಕೊಳ್ಳಿ ಅಮ್ಮ, ಪಾಪ, ನಿಮ್ಮ ಪಕ್ಕದ ಮನೆಯವರು ಬೆಳಗ್ಗೆಯಿಂದ ತಮ್ಮ ನಾಯಿ ಕಳುವಾಯ್ತು ಅಂತ ಬೀದಿ ಬೀದಿ ಅಲೀತಿದ್ದಾರೆ."