ಐದು ಗಂಟೆಯ ಫೋನು

ಹತ್ತನೇ ತರಗತಿಯಲ್ಲಿ ಈ ಸಲ ಒಬ್ಬರು ಫೇಲಾದರೂ ಗಣಿತದ ವಿಶಾಲಾಕ್ಷಿ ಮಿಸ್ಸಿಗೆ ನೋಟಿಸು ತಪ್ಪಿದ್ದಲ್ಲ. ಹಿಂದುಳಿದ ಮಕ್ಕಳನ್ನು ಶಿಕ್ಷಕರಿಗೆ ದತ್ತು ಕೊಟ್ಟಾಗ ನಾಗವೇಣಿ ಅವರ ಪಾಲಿಗೆ ಬಂದಿದ್ದಳು. ಓದಿಕೊಳ್ಳಲಿ ಎಂದು ಎರಡು ತಿಂಗಳಿಂದ ದಿನಾ ಬೆಳಗಿನ ಐದಕ್ಕೆ ಫೋನು ಮಾಡಿ ಎಬ್ಬಿಸುತ್ತಿದ್ದರು. ಅವಳೋ ಮೊದಲ ರಿಂಗಿಗೇ ಎತ್ತಿ "ಎದ್ದೆ ಮಿಸ್" ಅನ್ನುತ್ತಿದ್ದಳು. ಆದರೂ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಂಬತ್ತಕ್ಕೆ ಒಂಬತ್ತು! ಉತ್ತರವಿರಬೇಕಾದ ಕಡೆ ಪೆನ್ನು ಜಾರಿದ ಉದ್ದನೆಯ ಗೀಟು.

"ಪರೀಕ್ಷೇಲೂ ತೂಕಡಿಸಿದ್ಯೇನೇ?" ಮಿಸ್ಸಿಗೆ ಅಳುವೇ ಬಂದಿತ್ತು. "ಕೈ ಮುಗೀತೀನಿ, ನಿಜ ಹೇಳು. ನಾನು ಫೋನ್ ಇಟ್ಟಮೇಲೆ ಮತ್ತೆ ಮಲ್ಕೋತೀಯಾ?"

"ಇಲ್ಲ ಮಿಸ್, ನಿಮ್ಮಾಣೆ. ಓದ್ತೀನಿ."

"ಹಾಗಾದ್ರೆ ಆ ಹೊತ್ತು ಸಾಲ್ತಿಲ್ಲ. ನಾಳೆಯಿಂದ ನಾಲ್ಕೂವರೆಗೇ ಎಬ್ಬಿಸ್ತೀನಿ."

ನಾಗವೇಣಿ ಗಾಬರಿಯಿಂದ ಅವರ ಕೈ ಹಿಡಿದುಕೊಂಡಳು. ಅವಳ ಬೆರಳ ತುದಿಗಳೆಲ್ಲ ದಾರ ಕೊಯ್ದು ಬಿರಿದಿದ್ದವು.

"ಬೇಡ ಮಿಸ್. ಹಾರ ಒಯ್ಯೋ ಗಾಡಿ ಬರೋದು ನಾಲ್ಕೂವರೆಗೆ. ಅಲ್ಲೀವರೆಗೂ ಅಮ್ಮನ ಜೊತೆ ಹಾರ ಕಟ್ತಿರ್ತೀನಿ. ನಾನು ಮಲಗೋದೇ ಆ ಅರ್ಧ ಗಂಟೆ."