ಕಾಲು ಭಾಗ ಐರಿಷ್

ಯಜಮಾನರು ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದ ದಿನವೇ, ಎಂಜಲು ಕಳಿಸಿ ಮಾಡಿಸಿದ್ದ ಅವರ ಡಿಎನ್‌ಎ ಪರೀಕ್ಷೆಯ ಫಲಿತಾಂಶವೂ ಬಂತು. ತಮ್ಮ ಅಜ್ಜ ಐರ್ಲೆಂಡಿನವರೆಂದು ಜೀವನವಿಡೀ ಹೇಳಿಕೊಂಡವರು ಅವರು. ಅನಾಥಾಲಯದಲ್ಲಿ ಬೆಳೆದ ನನ್ನನ್ನು "ಬೇರಿಲ್ಲದ ಬಳ್ಳಿ" ಎಂದು ಛೇಡಿಸುತ್ತಿದ್ದರು.

ಸಂಜೆ ಶವಪೆಟ್ಟಿಗೆಯ ಪಕ್ಕದಲ್ಲೇ ಮೊಮ್ಮಗಳು ಐರಿನ್ ಫೋನ್ ನೋಡಿದಳು.

"ಅಜ್ಜಿ, ಕಾಲು ಭಾಗ ಐರಿಷ್ ಅಂತೆ. ತಾತ ಬಿಟ್ಟಿದ್ದು ಬುರುಡೆ ಅಲ್ಲ."

ಅಳುತ್ತಿದ್ದ ಮೈದುನ ಕಣ್ಣೊರೆಸಿಕೊಂಡು ಎದೆಯುಬ್ಬಿಸಿದ.

"ಹಂಗಾದ್ರೆ ನಾನೂ ಐರಿಷ್ಷೇ ಅತ್ತಿಗೆ. ಇನ್ಮೇಲೆ ಸ್ವಲ್ಪ ಮರ್ಯಾದೆ ಕೊಡಿ."

ಮನೆಯೆಲ್ಲ ನಕ್ಕಿತು. ಸೆರಗು ಬಾಯಿಗೊತ್ತಿಕೊಂಡರೂ ನನ್ನ ನಗು ನಿಲ್ಲಲಿಲ್ಲ.

ಪ್ರಭುವೇ, ಅವರ ಆತ್ಮಕ್ಕೆ ನಿತ್ಯಶಾಂತಿ ಕೊಡು. ಅಂದು ಜ್ವರದಿಂದ ಅವರ ಬಾಯಿ ಒಣಗಿದ್ದಾಗ ಪರೀಕ್ಷೆಯ ಕೊಳವೆಗೆ ತುಂಬಿದ್ದು ನನ್ನ ಎಂಜಲೆಂದು ಮಾತ್ರ ಅವರಿಗೆ ಹೇಳಬೇಡ.