ಹಿತ್ತಲಲ್ಲಿ ಸಿಕ್ಕ ಓಲೆ

ಭಾನುವಾರ ಬಂದರೆ ಮೆಟಲ್ ಡಿಟೆಕ್ಟರ್ ಹಿಡಿದು ನೆಲ ಕೆದಕುವುದು ನನ್ನ ಹವ್ಯಾಸ. ಅದುವರೆಗೆ ಸಿಕ್ಕಿದ್ದು ಮೊಳೆ, ಸೋಡಾ ಮುಚ್ಚಳ, ಅಷ್ಟೆ.

"ಸ್ವಾಮೇರಿಗೆ ಇವತ್ತಾದ್ರೂ ಕೊಪ್ಪರಿಗೆ ಸಿಕ್ಕೀತಾ?" ಎಂದು ಪಾತ್ರೆ ಉಜ್ಜುತ್ತಿದ್ದ ಮನೆಗೆಲಸದ ಪುಟ್ಟಸಿದ್ದಮ್ಮ ನಕ್ಕಳು.

ಬಟ್ಟೆ ಒಗೆಯುವ ಕಲ್ಲಿನ ಬಳಿ ಯಂತ್ರ ಕೂಗಿತು. ಕೆದಕಿದರೆ ಚಿನ್ನದ ಓಲೆ.

"ನಂದೇ ಕಣ್ರೀ! ಹೋದ ವರ್ಷ ಕಳೆದಿದ್ದು!" ಎಂದ ಹೆಂಡತಿಯ ಕೈ ತಾನಾಗಿ ಕಿವಿಗೆ ಹೋಯಿತು. ಎರಡು ಕಿವಿಯಲ್ಲೂ ಅಂಥದ್ದೇ ಓಲೆ ಇತ್ತು.

ಹೋದ ವರ್ಷ, ಪೊಲೀಸರನ್ನು ಕರೆಸುತ್ತೇನೆಂದು ಪುಟ್ಟಸಿದ್ದಮ್ಮನನ್ನು ಗದರಿಸಿದವನು ನಾನು. ವಾರದೊಳಗೆ ಅವಳು ಓಲೆ ತಂದಿಟ್ಟು ಕಾಲಿಗೆ ಬಿದ್ದಿದ್ದಳು. ಕ್ಷಮಿಸಿದ್ದನ್ನು ನೆಂಟರ ಮುಂದೆಲ್ಲ ಹೇಳಿಕೊಂಡಿದ್ದೆ.

"ಹಾಗಾದ್ರೆ ನೀನು ಕೊಟ್ಟಿದ್ದು?"

"ನನ್ನ ತಾಳಿ ಗುಂಡು ಕರಗಿಸಿ ಮಾಡಿಸಿದ್ದು."

ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. "ಕದಿಯದೆ ಯಾಕಮ್ಮ ಒಪ್ಪಿಕೊಂಡೆ?"

ಅವಳು ಓಲೆಯನ್ನೇ ನೋಡುತ್ತಿದ್ದಳು.

"ನನ್ ಜೊತೆ ಕೆಲಸಕ್ಕೆ ಬರ್ತಿದ್ಲಲ್ಲ ಮಗಳು, ಅವಳೇ ಕದ್ದವಳೆ ಅಂತ ತಿಳ್ಕೊಂಡೆ ಸ್ವಾಮಿ. ಹೊಡೆದು ಆಚೆಗೆ ತಳ್ಳಿದೆ. ಹೋದೋಳು ಇವತ್ತಿಗೂ ಬಂದಿಲ್ಲ."